ಕುಮಟೆಯ ಪುರಸಭೆ: ಅದರ ಆಡಳಿತವೂ ವ್ಯವಹಾರಭಾಷೆಯೂ

ನಮ್ಮ ಇತಿಹಾಸಲೇಖಕರು ರಾಜವಂಶಗಳ ಏಳುಬೀಳುಗಳನ್ನೂ, ಯುದ್ಧಸಂಧಿಗಳನ್ನೂ, ದಾನಶಾಸನಗಳನ್ನೂ ಬಹು ಶ್ರದ್ಧೆಯಿಂದ ಪರಿಶೋಧಿಸಿರುವರು. ಆದರೆ ಒಂದು ಸಣ್ಣ ಪಟ್ಟಣದ ಬೀದಿಯನ್ನು ಗುಡಿಸಿದವರಾರು, ಬಾವಿಯ ಕಟ್ಟೆಯನ್ನು ದುರಸ್ತಿಗೊಳಿಸಿದವರಾರು, ಸಂಜೆಯ ದೀಪದ ಎಣ್ಣೆಗೆ ಹಣವು ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಅವರ ಗಮನಕ್ಕೆ ಬಂದುದು ವಿರಳ. ಗಮನಿಸಿದವರಲ್ಲಿಯೂ ಎರಡು ಪಕ್ಷಗಳುಂಟು. ಪುರಸಭೆಯೆಂಬುದು ಸರ್ವಾಂಶದಲ್ಲಿಯೂ ಆಂಗ್ಲರು ತಂದಿತ್ತ ಸಂಸ್ಥೆಯೆಂಬುದು ಒಂದು ಪಕ್ಷ; ಅದೆಲ್ಲವೂ ಪುರಾತನಕಾಲದಿಂದಲೇ ನಮ್ಮಲ್ಲಿದ್ದಿತು, ಹೆಸರು ಮಾತ್ರ ಹೊಸದು ಎಂಬುದು ಮತ್ತೊಂದು. ಈ ಎರಡೂ ಪಕ್ಷಗಳು ಅಸಮಗ್ರವೆಂದು ನಮಗೆ ತೋರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಪಟ್ಟಣವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿರುತ್ತದೆ.

ಕುಮಟೆಯು ಪಶ್ಚಿಮಸಮುದ್ರದ ತೀರದಲ್ಲಿ, ಉತ್ತರಕ್ಕೆ ಅಘನಾಶಿನಿಯನ್ನೂ ದಕ್ಷಿಣಕ್ಕೆ ಶರಾವತಿಯನ್ನೂ ಇಟ್ಟುಕೊಂಡಿರುವ ನೆಲದಲ್ಲಿದೆ. ಮಿರ್ಜಾನದ ಕೋಟೆ, ಗೋಕರ್ಣಕ್ಷೇತ್ರ, ಸಾಣಿಕಟ್ಟೆಯ ಉಪ್ಪಿನ ಆಗರಗಳು ಇವೆಲ್ಲವೂ ಅದರ ತಾಲ್ಲೂಕಿನೊಳಗಣವೇ. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು, ಊರು ಹಿಂದೆ ಒಳ್ಳೆಯ ಸ್ಥಿತಿಯಲ್ಲಿದ್ದ ಕುರುಹುಗಳನ್ನು ಕಂಡು, ಅದರ ಓಣಿಗಳು ನೇರವಾಗಿದ್ದು ಇಕ್ಕೆಲಗಳಲ್ಲಿಯೂ ಕಲ್ಲಿನ ಗೋಡೆಗಳನ್ನು ಪಡೆದಿದ್ದುವೆಂದು ಬರೆದಿಟ್ಟಿದ್ದಾನೆ. ಈ ಸಣ್ಣ ಉಲ್ಲೇಖವು ಬಹು ಬೆಲೆಯುಳ್ಳದ್ದು. ನೇರವಾದ ಓಣಿಯು ತಾನಾಗಿ ಹುಟ್ಟುವುದಿಲ್ಲ. ಒಬ್ಬೊಬ್ಬನೂ ತನ್ನ ಹಿತ್ತಿಲನ್ನು ಒಂದೊಂದು ಮೊಳ ಮುಂದಕ್ಕೆ ಚಾಚಲು ಬಯಸುವುದು ಲೋಕಸ್ವಭಾವ. ಅದನ್ನು ತಡೆಯುವ ಯಾವುದೋ ಒಂದು ಕಟ್ಟುಪಾಡು ಇದ್ದಲ್ಲದೆ ಓಣಿಯು ನೇರವಾಗಿ ಉಳಿಯಲಾರದು. ಪುರಸಭೆಯ ಕಾಯಿದೆಗಳು ಹುಟ್ಟುವುದಕ್ಕೆ ಅರ್ಧ ಶತಮಾನದ ಮೊದಲೇ ಇಲ್ಲಿ ಊರಿನ ವ್ಯವಸ್ಥೆಯೊಂದು ಇದ್ದಿತೆಂದು ಇದರಿಂದ ಊಹಿಸಬಹುದಾಗಿದೆ.

ಇಂತಹ ವ್ಯವಸ್ಥೆಗೆ ಕರಾವಳಿಯ ಶಾಸನಗಳಲ್ಲಿ ಹೇರಳವಾದ ಆಧಾರಗಳಿವೆ. ಬಾರಕೂರು ಬಸರೂರುಗಳ ಶಾಸನಗಳಲ್ಲಿ ಊರು ಕೇರಿ ಕೇರಿಯಾಗಿ ವಿಭಾಗವಾಗಿರುವುದನ್ನೂ, ಒಂದೊಂದು ಕೇರಿಗೂ ಸೆಟ್ಟಿಕಾರರು, ಹಲರು ಎಂಬ ಸಮೂಹಗಳಿರುವುದನ್ನೂ ಕಾಣುತ್ತೇವೆ. ಬಸರೂರಿನ ಮೂಡುಕೇರಿ ಪಡುವಕೇರಿಗಳ ಹಲರು ವಿದ್ವಾಂಸರಿಗೆ ಸುಪರಿಚಿತರೇ. 'ಹಲರು' ಎಂಬ ಶಬ್ದವೇ ಮನೋಹರವಾದುದು. ಒಬ್ಬನಲ್ಲ, ಹಲವರು ಎಂಬಷ್ಟೇ ಅದರ ಅರ್ಥ. ವರ್ತಕರ ಸಂಘಕ್ಕೆ 'ನಕರ' ಎಂದೂ, ಅದರ ಪ್ರಮುಖನಿಗೆ 'ಪಟ್ಟಣಸ್ವಾಮಿ' ಎಂದೂ ಹೆಸರಿದ್ದಿತು. ಸಮುದ್ರದಾಚೆಯಿಂದ ಬಂದು ನೆಲೆಸಿದ ವರ್ತಕರ ಕೂಟವು 'ಹಂಜಮಾನ'ವೆನಿಸಿತು. ಇದು ಪಾರಸೀಕ 'ಅಂಜುಮನ್' ಶಬ್ದದ ರೂಪಾಂತರವೆಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪಿರುವರು. ನೆರೆಯ ಭಟ್ಕಳದಲ್ಲಿ 1919ರಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯು ಅದೇ 'ಅಂಜುಮನ್' ಶಬ್ದವನ್ನು ತನ್ನ ಹೆಸರಿನಲ್ಲಿ ಧರಿಸಿರುವುದನ್ನು ನೋಡಿದರೆ, ಒಂದೇ ಶಬ್ದವು ಶತಮಾನಗಳ ಅಂತರದಲ್ಲಿ ಅದೇ ತೀರಕ್ಕೆ ಎರಡು ಬಾರಿ ಬಂದಿಳಿದಂತಾಯಿತು.

ಆದರೆ ಹಲರಿಂದ ಪುರಸಭೆಗೆ ನೇರವಾದ ವಂಶಾವಳಿಯನ್ನು ಕಲ್ಪಿಸುವುದು ಸರಿಯಲ್ಲ. ಹಲರ ಅಧಿಕಾರವು ಕುಲ, ವೃತ್ತಿ, ಕೇರಿಗಳಿಂದ ಬಂದುದು. ಪುರಸಭೆಯ ಅಧಿಕಾರವು ಶಾಸನಗ್ರಂಥದ ಕಲಮುಗಳಿಂದ ಬಂದುದು. 1850ರ 26ನೆಯ ಆಕ್ಟು ಈ ಎರಡನೆಯ ಬಗೆಯ ಅಧಿಕಾರಕ್ಕೆ ಅಡಿಗಲ್ಲು. ಊರಿನ ನಿವಾಸಿಗಳು ಬಯಸಿದಲ್ಲಿ ಮಾತ್ರ ಅದು ಆ ಊರಿಗೆ ಅನ್ವಯಿಸತಕ್ಕದ್ದಾಗಿದ್ದಿತು. ಮದರಾಸು ಇಲಾಖೆಯಲ್ಲಿ ಅದು ಹೆಚ್ಚಾಗಿ ಬೇರೂರಲಿಲ್ಲ; ಮುಂಬಯಿ ಇಲಾಖೆಯಲ್ಲಿಯಾದರೋ ಬಹು ಊರುಗಳು ಅದನ್ನು ಕೈಕೊಂಡುವು.

ಇಲ್ಲಿಯೇ ಕುಮಟೆಯ ಚರಿತ್ರೆಯಲ್ಲಿ ಒಂದು ಮುಖ್ಯವಾದ ತಿರುವು ಬರುತ್ತದೆ. 1799ರಿಂದ ಅವಿಭಕ್ತ ಕನ್ನಡ ಜಿಲ್ಲೆಯು ಕಂಪನಿಯ ವಶದಲ್ಲಿದ್ದು ಮದರಾಸಿಗೆ ಸೇರಿದ್ದಿತು. ಅದು ಉತ್ತರ ದಕ್ಷಿಣಗಳೆಂದು ವಿಭಾಗವಾದ ತರುವಾಯ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಕುಂದಾಪುರವು ಮದರಾಸಿನ ಪಾಲಿಗೇ ಉಳಿಯಿತು. ಒಂದೇ ಭಾಷೆ, ಒಂದೇ ಮಳೆ, ಒಂದೇ ತೆಂಗಿನ ತೋಟಗಳುಳ್ಳ ತೀರವು ಎರಡು ಕಾಯಿದೆಗಳ ಕೆಳಗೆ ಹೋಯಿತು. ಇದರ ಫಲವು ಊರಿನ ಬೊಕ್ಕಸದಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ. ಮದರಾಸಿನ ಪುರಸಭೆಗಳು ಮುಖ್ಯವಾಗಿ ಮನೆಯ ಮೇಲಣ ತೆರಿಗೆಯನ್ನು ನೆಚ್ಚಿದುವು. ಮುಂಬಯಿಯ ಪುರಸಭೆಗಳು ಊರೊಳಕ್ಕೆ ಬರುವ ಸರಕಿನ ಮೇಲಣ ಜಕಾತಿಯನ್ನು ನೆಚ್ಚಿದುವು. ಮಂಗಳೂರಿನವನು ತನ್ನ ಮನೆಗೆ ತೆರಿಗೆ ಕೊಟ್ಟು ಊರನ್ನು ಸಾಕಿದನು. ಮುಂಬಯಿ ಇಲಾಖೆಯ ಪಟ್ಟಣದವನು ಧಾನ್ಯ, ತುಪ್ಪ, ಎಣ್ಣೆ, ಸಕ್ಕರೆಗಳನ್ನು ಕೊಂಡು ಊರನ್ನು ಸಾಕಿದನು. ಮೊದಲನೆಯ ಬಗೆಯಲ್ಲಿ ದೊಡ್ಡ ಮನೆಯುಳ್ಳವನಿಗೆ ಹೊರೆ ಹೆಚ್ಚು. ಎರಡನೆಯ ಬಗೆಯಲ್ಲಿ ಬಡವನ ಹೊಟ್ಟೆಯೂ ಧನಿಕನ ಹೊಟ್ಟೆಯೂ ಹೆಚ್ಚುಕಡಿಮೆ ಒಂದೇ ಅಳತೆಯವಾದುದರಿಂದ, ಬಡವನಿಗೇ ಹೊರೆ ಹೆಚ್ಚೆಂದು ಹೇಳಬೇಕಾಗಿದೆ.

ಆ ಕಾಲದಲ್ಲಿ ಕುಮಟೆಯ ಹೆಸರು ದೂರದೇಶಗಳವರೆಗೂ ಹರಡಿದ್ದುದು ಹತ್ತಿಯ ದೆಸೆಯಿಂದ. ಹತ್ತಿ ಬೆಳೆಯುತ್ತಿದ್ದುದು ಧಾರವಾಡದ ಕರಿನೆಲದಲ್ಲಿ. ಆದರೆ ದೇವಿಮನೆ ಘಟ್ಟವನ್ನಿಳಿದು ಈ ಬಂದರದಲ್ಲಿ ಹಡಗನ್ನೇರುತ್ತಿದ್ದುದರಿಂದ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರು ನಿಂತಿತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ದೊರೆಯದಂತಾಗಲು, ಇಲ್ಲಿಯ ವ್ಯಾಪಾರವು ಉಬ್ಬರಕ್ಕೇರಿತು. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಜಕಾತಿಯು ಊರಿನಲ್ಲಿ ಬಳಕೆಯಾಗುವ ಪದಾರ್ಥಗಳ ಮೇಲಣದೇ ಹೊರತು, ಊರನ್ನು ಹಾದು ಹೋಗುವ ಸರಕಿನ ಮೇಲಣದಾಗಕೂಡದೆಂಬುದು ಸರಕಾರದ ತತ್ತ್ವ. ಹೀಗಾಗಿ ಹತ್ತಿಯ ಮೂಟೆಯು ನೇರವಾಗಿ ಊರ ಬೊಕ್ಕಸವನ್ನು ತುಂಬತಕ್ಕದ್ದಲ್ಲ. ಮೂಟೆಯೊಡನೆ ಬಂದ ಗಾಡಿಯವನು, ಹಮಾಲನು, ಅಡತಿಯವನು ಉಂಡ ಅಕ್ಕಿಯೇ ಅದನ್ನು ತುಂಬತಕ್ಕದ್ದು. ವೈಭವದ ಹೆಸರು ಹತ್ತಿಗೆ, ತೆರಿಗೆಯ ಭಾರವು ಅನ್ನಕ್ಕೆ.

ಈ ಪ್ರಸಂಗದಲ್ಲಿ ಕೌಟಿಲೀಯ ಅರ್ಥಶಾಸ್ತ್ರವನ್ನು ಸ್ಮರಿಸುವುದು ಅನುಚಿತವಾಗಲಾರದು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದುದು ಕನ್ನಡಿಗರಿಗೆ ಹೆಮ್ಮೆಯ ವಿಷಯವಷ್ಟೆ. ಅದರ ದ್ವಿತೀಯಾಧಿಕರಣದಲ್ಲಿ ಶುಲ್ಕಾಧ್ಯಕ್ಷನು ಪುರದ್ವಾರದ ಬಳಿ ಧ್ವಜವುಳ್ಳ ಶುಲ್ಕಶಾಲೆಯನ್ನು ಸ್ಥಾಪಿಸತಕ್ಕದ್ದೆಂದೂ, ನಾಲ್ಕೈದು ಮಂದಿ ಅಧಿಕಾರಿಗಳು ಬಂದ ವರ್ತಕರು ಯಾರು, ಎಲ್ಲಿಂದ ಬಂದರು, ಸರಕೆಷ್ಟು ಎಂಬುದನ್ನು ಬರೆದುಕೊಳ್ಳತಕ್ಕದ್ದೆಂದೂ ವಿಧಿಸಿದೆ. ಜಕಾತಿಯ ನಾಕೆಯನ್ನು ಕಂಡವರಿಗೆ ಇದರ ವ್ಯಾಖ್ಯಾನವೇ ಬೇಡ. ನಾಗರಿಕನೆಂಬ ಅಧಿಕಾರಿಯ ಪ್ರಕರಣದಲ್ಲಿ ಬೀದಿಗೆ ಕಸವನ್ನು ಎಸೆದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರನ್ನು ಕಟ್ಟಿನಿಲ್ಲಿಸಿದವನಿಗೆ ಕಾಲುಪಣ ದಂಡವೆಂದಿದೆ. ಸಾಮ್ಯವು ಇಷ್ಟಿದ್ದರೂ ಭೇದವು ದೊಡ್ಡದು. ಕೌಟಿಲ್ಯನ ನಾಗರಿಕನು ರಾಜನಿಗೆ ಉತ್ತರವಾದಿ. ಪುರಸಭೆಯು ತೆರಿಗೆ ಕೊಟ್ಟವನಿಗೆ ಉತ್ತರವಾದಿಯಾಗಬೇಕು. ಮದುವೆ, ಯಜ್ಞ, ಪ್ರಸವ ಮುಂತಾದವುಗಳಿಗಾಗಿ ಒಯ್ಯುವ ಪದಾರ್ಥಗಳಿಗೆ ಶುಲ್ಕವಿಲ್ಲವೆಂದು ಕೌಟಿಲ್ಯನು ತೋರಿದ ದಾಕ್ಷಿಣ್ಯವು ರಾಜನ ಅನುಗ್ರಹವೇ ಹೊರತು ಪ್ರಜೆಯ ಹಕ್ಕಲ್ಲ.

ಈ ಉತ್ತರವಾದಿತ್ವವು ಒಮ್ಮೆಲೇ ಬಂದುದಲ್ಲ. 1873ರ ಮುಂಬಯಿ ಜಿಲ್ಲಾ ಪುರಸಭೆಗಳ ಆಕ್ಟಿನ ಕಾಲದಲ್ಲಿ ಸಣ್ಣ ಊರುಗಳ ಪುರಸಭೆಗಳು ಬಹುಮಟ್ಟಿಗೆ ಸರಕಾರೀ ಅಧಿಕಾರಿಗಳ ಕೈಯೊಳಗೇ ಇದ್ದುವು. 1882ರ ಮೇ 18ರಂದು ಲಾರ್ಡ್ ರಿಪನ್ನನ ಪ್ರಸಿದ್ಧ ನಿರ್ಣಯವು ಹೊರಟ ಮೇಲೆ, 1884ರ ಕಾಯಿದೆಗಳಿಂದ ಚುನಾಯಿತ ಸಭಾಸದರಿಗೆ ಸ್ಥಾನ ದೊರೆಯಿತು. ತಾಲ್ಲೂಕು ಮತ್ತು ಜಿಲ್ಲಾ ಲೋಕಲ್ ಬೋರ್ಡುಗಳೂ ಆಗಲೇ ಹುಟ್ಟಿದುವು. 1901ರ ಆಕ್ಟು ಈ ವ್ಯವಸ್ಥೆಯನ್ನು ಕ್ರಮಪಡಿಸಿತು. ಮತದ ಹಕ್ಕು ಮಾತ್ರ ಆಸ್ತಿ ತೆರಿಗೆ ವಿದ್ಯೆಗಳುಳ್ಳವರದಾಗಿಯೇ ಇದ್ದು, ಪ್ರಾಪ್ತವಯಸ್ಕರೆಲ್ಲರಿಗೂ ಅದು ದೊರೆತುದು ಸ್ವಾತಂತ್ರ್ಯಾನಂತರದಲ್ಲಿ.

ಇನ್ನು ವ್ಯವಹಾರಭಾಷೆಯ ವಿಚಾರ. ಮುಂಬಯಿ ಇಲಾಖೆಯ ಕನ್ನಡ ಊರುಗಳ ಪುರಸಭೆಯಲ್ಲಿ 'ಸಭೆ' ಸಂಸ್ಕೃತ, 'ಮನೆಪಟ್ಟಿ'ಯಲ್ಲಿನ 'ಮನೆ' ಅಚ್ಚಕನ್ನಡ, 'ಠರಾವು' ಮರಾಠಿ. 'ಜಕಾತಿ'ಯು ಅರಬ್ಬಿಯ 'ಝಕಾತ್' ಶಬ್ದ. ಧರ್ಮಾರ್ಥವಾಗಿ ಕೊಡುವ ದಾನವೆಂಬ ಅರ್ಥವನ್ನು ಕಳೆದುಕೊಂಡು, ನಾಕೆಯಲ್ಲಿ ಕಡ್ಡಾಯವಾಗಿ ತೆಗೆದುಕೊಳ್ಳುವ ಸುಂಕವಾಗಿ ಅದು ಪರಿಣಮಿಸಿತು. 'ದಫ್ತರ'ವು ಪಾರಸೀಕದ ಮೂಲಕ ಬಂದುದು. ಅದರ ಮೂಲವು ತೊಗಲು ಎಂಬರ್ಥದ ಗ್ರೀಕ್ ಶಬ್ದ. ಪುರಸಭೆಯ ಅಂಗಡಿಕಟ್ಟೆಗಳನ್ನು ಹರಾಜು ಹಾಕುವುದಕ್ಕೆ 'ಲಿಲಾವು' ಎನ್ನುವರಷ್ಟೆ. ಅದು ಪೋರ್ಚುಗೀಜರ ಶಬ್ದ. ಹೊನ್ನಾವರ ಭಟ್ಕಳಗಳಲ್ಲಿ ಮೆಣಸು ಕೊಳ್ಳಲು ಬಂದವರ ಜನಾಂಗದಿಂದ ಈ ಮಾತು ನಮಗೆ ಉಳಿಯಿತು. 'ಕಾರಕೂನ'ನು ಪಾರಸೀಕನಾದರೂ ನಮಗೆ ದೂರದವನಲ್ಲ. ಅವನ ಹೆಸರಿನ ಎರಡು ಭಾಗಗಳೂ ನಮ್ಮ 'ಕೃ' ಧಾತುವಿನ ದಾಯಾದಿಗಳೇ. ಕಂದಾಯದ ಅಧಿಕಾರಿಯನ್ನು ಕುಮಟೆಯವರು ಮಾಮಲೇದಾರನೆಂದರು, ಕುಂದಾಪುರದವರು ತಹಸೀಲ್ದಾರನೆಂದರು, ಸಾಗರದವರು ಅಮಲ್ದಾರನೆಂದರು. ಮೂರು ಹೆಸರುಗಳಿಂದ ಮೂರು ಸರಕಾರಗಳನ್ನು ಗುರುತಿಸಬಹುದಾಗಿದ್ದಿತು. ಈ ಮಿಶ್ರಣವನ್ನು ಭಾಷೆಯ ಅಶುದ್ಧಿಯೆಂದು ನಿಂದಿಸುವವರುಂಟು. ಆದರೆ ಬಂದರದ ಊರಿನ ಭಾಷೆಯೂ ಬಂದರದಂತೆಯೇ; ಬಂದುದನ್ನೆಲ್ಲಾ ಇಳಿಸಿಕೊಂಡು, ತನ್ನ ವಿಭಕ್ತಿಪ್ರತ್ಯಯಗಳ ಮುದ್ರೆಯನ್ನೊತ್ತಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ.

ಶಬ್ದಗಳಲ್ಲಿ ಒಂದನ್ನು ಮಾತ್ರ ನಾವು ಸಂತೋಷದಿಂದ ಬರೆಯಲಾರೆವು. ಮಲಹೊರುವವರಿಗೆ ಮುಂಬಯಿ ಇಲಾಖೆಯಲ್ಲಿ 'ಹಲಾಲಖೋರ'ರೆಂಬ ಹೆಸರಿದ್ದಿತು. ನ್ಯಾಯವಾಗಿ ದುಡಿದುದನ್ನು ಉಣ್ಣುವವನೆಂಬುದು ಅದರ ಅರ್ಥ. ಹೆಸರಿನಲ್ಲಿ ಗೌರವವನ್ನಿತ್ತು ಬಾಳಿನಲ್ಲಿ ಅದನ್ನು ಕಸಿದುಕೊಂಡ ಸಮಾಜದ ಸಾಕ್ಷ್ಯವು ಈ ಒಂದು ಶಬ್ದದಲ್ಲಿ ಅಡಗಿದೆ. ಧರ್ಮಶಾಸ್ತ್ರಗಳನ್ನೋದಿದ ನಮ್ಮಂತಹವರು ಇದಕ್ಕೆ ಶಾಸ್ತ್ರದ ಮರೆಯನ್ನು ಹುಡುಕತಕ್ಕದ್ದಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರಸರಕಾರದ ಕಾಯಿದೆಗಳು ಬಂದುವು. ಒಂದೇ ಅನಿಷ್ಟವನ್ನು ಮೂರು ಬಾರಿ ನಿಷೇಧಿಸಬೇಕಾಗಿ ಬಂದಿತೆಂಬುದೇ ಅದರ ಆಳವನ್ನು ತಿಳಿಸುತ್ತದೆ.

1880ರ ದಶಕದ ಕೊನೆಯ ವೇಳೆಗೆ ಮಾರ್ಮಗೋವೆಯ ರೈಲುದಾರಿಯು ತೆರೆಯಲು, ಧಾರವಾಡದ ಹತ್ತಿಯು ಘಟ್ಟದ ಗಾಡಿಗಳನ್ನು ಬಿಟ್ಟು ಮಾರ್ಮಗೋವೆಯ ಕಡೆಗೆ ಹರಿಯತೊಡಗಿತು. ಕುಮಟೆಯು ಹೆಸರಿನಲ್ಲಿ ಹತ್ತಿಯನ್ನುಳಿಸಿಕೊಂಡು ವ್ಯಾಪಾರದಲ್ಲಿ ಕಳೆದುಕೊಂಡಿತು. ಆದರೂ ಪುರಸಭೆಯು ಉಳಿಯಿತು. ಇದೇ ಆ ಸಂಸ್ಥೆಯ ಬಲ; ಹಲರ ಕೂಟಗಳು ವ್ಯಾಪಾರದೊಡನೆ ಬೆಳೆದು ವ್ಯಾಪಾರದೊಡನೆ ಕರಗಿದುವು, ಕಾಯಿದೆಯ ಸಂಸ್ಥೆಯು ವ್ಯಾಪಾರವು ಇಳಿದ ಮೇಲೂ ನಿಂತಿತು. 1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1964ರ ಕಾಯಿದೆಯಿಂದ ಮುಂಬಯಿ, ಮದರಾಸು, ಮೈಸೂರುಗಳ ಬೇರೆ ಬೇರೆ ವಿಧಿಗಳು ಒಂದಾದುವು.

ಅದೇ ಸಂಸ್ಥೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಕಾಯಿದೆಯಿಂದ ಬಂದುದನ್ನು ಕಾಯಿದೆಯೇ ತೆಗೆದುಕೊಳ್ಳಬಲ್ಲುದು. 1979ರಲ್ಲಿ ರಾಜ್ಯದಲ್ಲಿ ಜಕಾತಿಯು ರದ್ದಾಯಿತು. ಅದು ಬಡವರ ಮೇಲಣ ಭಾರವೆಂದು ನಾವೇ ಮೇಲೆ ಹೇಳಿರುವೆವು. ಅದರ ರದ್ದತಿಯನ್ನು ಆಕ್ಷೇಪಿಸುವುದಿಲ್ಲ. ಆದರೆ ನಾಕೆಯೊಡನೆ ಊರಿನ ಸ್ವಂತ ಗಂಟೂ ಹೋಗಿ, ಪುರಸಭೆಗಳು ರಾಜಧಾನಿಯ ಅನುದಾನದ ಕಡೆಗೆ ಮುಖಮಾಡಬೇಕಾಯಿತು. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದು ಪುರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನಿತ್ತಿತು. ಸ್ತ್ರೀಯರಿಗೆ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದ ಸ್ಥಾನಗಳು ಮೀಸಲಾದುವು. ಇಷ್ಟಾದರೂ 2018ರಲ್ಲಿ ಚುನಾವಣೆ ನಡೆದ ತರುವಾಯ, ಅಧ್ಯಕ್ಷಸ್ಥಾನದ ಮೀಸಲಾತಿಯ ವಿವಾದವು ನ್ಯಾಯಾಲಯವನ್ನೇರಿದ ಕಾರಣ, ರಾಜ್ಯದ ಬಹು ಪುರಸಭೆಗಳಲ್ಲಿ 2020ರವರೆಗೂ ಅಧ್ಯಕ್ಷರಿಲ್ಲದೆ ಆಡಳಿತಾಧಿಕಾರಿಗಳೇ ಕಾರ್ಯನಿರ್ವಹಿಸಿದರು. ಗೆದ್ದ ಸಭಾಸದರಿದ್ದರು, ಸಭೆಯಿರಲಿಲ್ಲ.

ಇದರಿಂದ ನಾವು ಸ್ಥಾಪಿಸಲಿಚ್ಛಿಸುವುದಿಷ್ಟು. ಪುರಸಭೆಯ ಶರೀರವು ಆಂಗ್ಲರ ಕಾಯಿದೆಯಿಂದ ಬಂದುದು. ಅದರ ಅನ್ನವು ಸ್ಥಳದ ವ್ಯಾಪಾರದಿಂದ ಬಂದುದು. ಅದರ ವಾಣಿಯು ಈ ತೀರಕ್ಕೆ ಬಂದ ಎಲ್ಲ ಜನರಿಂದ ಬಂದುದು. ಹಲರಿಗೆ ಅಧಿಕಾರವೂ ಗಂಟೂ ಇದ್ದುವು, ಎಲ್ಲರ ಮತವಿರಲಿಲ್ಲ. ನಮ್ಮ ಸಭಾಸದರಿಗೆ ಎಲ್ಲರ ಮತವುಂಟು, ಗಂಟಿನ ಬಾಯಿ ಮಾತ್ರ ಪರಹಸ್ತದಲ್ಲಿದೆ. ಈ ಎರಡೂ ಒಂದೆಡೆ ಕೂಡುವವರೆಗೆ ಸ್ಥಾನಿಕ ಸ್ವರಾಜ್ಯವೆಂಬ ಮಾತು ಅರ್ಧಸತ್ಯವಾಗಿಯೇ ಉಳಿಯುವುದು.

ಕೊನೆಯದಾಗಿ ಸಾಹಿತ್ಯದ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಶಿಲಾಶಾಸನವು ಕರಾವಳಿಯ ಮಳೆಯನ್ನು ಸಾವಿರ ವರ್ಷ ತಡೆಯಬಲ್ಲುದು. ಕಾಗದವು ಅಷ್ಟು ಬಾಳಲಾರದು. ಹಳೆಯ ಠರಾವು ಪುಸ್ತಕಗಳು, ಜಕಾತಿಯ ಪಾವತಿಗಳು, ಬಾವಿಗಾಗಿ ಕೇರಿಯವರು ಕೂಡಿ ಬರೆದ ಅರ್ಜಿಗಳು ಗೆದ್ದಲಿನ ಪಾಲಾಗುವ ಮೊದಲು, ತಂತಮ್ಮ ಊರಿನ ಪುರಸಭೆಯ ಬಾಗಿಲನ್ನು ತಟ್ಟಿ, ಅಧಿಕಾರಿಗಳ ಅನುಮತಿಯನ್ನು ಪಡೆದು, ವಿದ್ಯಾರ್ಥಿಗಳಿಂದ ಅವುಗಳ ಪ್ರತಿ ಮಾಡಿಸಬೇಕು. ನಮ್ಮ ಗದ್ಯದ ಇತಿಹಾಸವನ್ನು ಗ್ರಂಥಕರ್ತರ ಗದ್ಯದಿಂದ ಮಾತ್ರ ಬರೆಯುವುದು ಸಾಲದು. ತನ್ನ ಕೇರಿಗೆ ನೀರು ಬೇಕೆಂದು ಸಾಮಾನ್ಯನು ಕನ್ನಡದಲ್ಲಿ ಹೇಗೆ ಕೇಳಿದನು, ಅದಕ್ಕೆ ಊರು ಯಾವ ಮಾತಿನಲ್ಲಿ ಉತ್ತರ ಕೊಟ್ಟಿತು ಎಂಬುದೂ ಆ ಇತಿಹಾಸದಲ್ಲಿ ಸೇರತಕ್ಕ ಅಧ್ಯಾಯವೇ ಸರಿ.