ಗುಣಮಟ್ಟದ ರಾಷ್ಟ್ರೀಯ ಪ್ರಶಸ್ತಿಗಳು: ಡೆಮಿಂಗ್ ಪಾರಿತೋಷಕ ಮತ್ತು ಅದರ ಅನಂತರ

ನಮ್ಮ ಶಾಸನಗಳಲ್ಲಿ ಬಿರುದುಗಳಿಗೆ ಕೊರತೆಯಿಲ್ಲ. ಕಾಳಗದಲ್ಲಿ ಗೆದ್ದವನಿಗೂ ಕೆರೆ ಕಟ್ಟಿಸಿದವನಿಗೂ ಮನ್ನಣೆ ದೊರೆಯುತ್ತಿದ್ದುದು ಕಾರ್ಯವು ಮುಗಿದ ಮೇಲೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೈಗಾರಿಕಾ ಸಂಸ್ಥೆಗಳಿಗಾಗಿ ಏರ್ಪಟ್ಟ ಗುಣಮಟ್ಟದ ಪ್ರಶಸ್ತಿಗಳಲ್ಲಾದರೋ ಈ ಕ್ರಮವು ಬಹುಮಟ್ಟಿಗೆ ತಿರುಗುಮುರುಗಾಗಿದೆ. ಪ್ರಶಸ್ತಿಯನ್ನು ಬಯಸಿ ಪರೀಕ್ಷೆಗೆ ಸಿದ್ಧವಾಗುವ ಪ್ರಯತ್ನದಿಂದಲೇ ಅಲ್ಲಿ ಸಂಸ್ಥೆಯು ತನ್ನನ್ನು ತಿದ್ದಿಕೊಳ್ಳುತ್ತದೆ. ಇದು ಯಾವಾಗ ಫಲಿಸಿತು, ಯಾವಾಗ ಕೆಟ್ಟಿತು ಎಂಬುದನ್ನು ಜಪಾನ್, ಅಮೆರಿಕ ಮತ್ತು ಭಾರತಗಳ ಚರಿತ್ರೆಯಿಂದ ಇಲ್ಲಿ ವಿಚಾರಮಾಡಬಯಸುತ್ತೇವೆ.

1945ರಲ್ಲಿ ಯುದ್ಧವು ಮುಗಿದಾಗ ಜಪಾನಿನ ಕಾರ್ಖಾನೆಗಳು ಹಾಳಾಗಿದ್ದವು. ಆ ದೇಶದ ಸರಕೆಂದರೆ ಅಗ್ಗದ, ಬಾಳಿಕೆಯಿಲ್ಲದ ಸರಕು ಎಂಬ ಅಪಖ್ಯಾತಿಯೂ ಯುದ್ಧಪೂರ್ವದಿಂದ ಉಳಿದುಬಂದಿದ್ದಿತು. 1946ರಲ್ಲಿ ಸ್ಥಾಪಿತವಾದ ಜಪಾನೀ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಸಂಘವು 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಉಪನ್ಯಾಸಗಳಿಗಾಗಿ ಆಹ್ವಾನಿಸಿತು. ಡೆಮಿಂಗ್ ಬೋಧಿಸಿದ ತತ್ತ್ವವು ಪೂರ್ತಿಯಾಗಿ ಅವರದಲ್ಲ. ಬೆಲ್ ಟೆಲಿಫೋನ್ ಸಂಸ್ಥೆಯ ವಾಲ್ಟರ್ ಷೂಹಾರ್ಟ್ 1924ರಲ್ಲಿಯೇ ಅದರ ತಳಹದಿಯನ್ನು ಹಾಕಿದ್ದರು. ಸರಕು ಸಿದ್ಧವಾದಮೇಲೆ ಕೆಟ್ಟುದನ್ನು ಆರಿಸಿ ಎಸೆಯುವುದಕ್ಕಿಂತ, ತಯಾರಿಕೆಯಲ್ಲಿ ಆಗುವ ಏರಿಳಿತಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಹಜವಾದ ಏರಿಳಿತ ಯಾವುದು, ವಿಶೇಷ ಕಾರಣದಿಂದ ಆದುದು ಯಾವುದು ಎಂದು ತಿಳಿದು ಆ ಕಾರಣವನ್ನೇ ನೀಗಬೇಕೆಂಬುದು ಅದರ ಸಾರ. ಉಪನ್ಯಾಸಗಳು ಪುಸ್ತಕರೂಪವಾಗಿ ಮಾರಾಟವಾದಾಗ ಬಂದ ಗೌರವಧನವನ್ನು ಡೆಮಿಂಗ್ ಸಂಘಕ್ಕೆ ಬಿಟ್ಟುಕೊಟ್ಟರು. ಆ ಸಣ್ಣ ಮೊತ್ತದಿಂದ ಹುಟ್ಟಿದುದೇ ಡೆಮಿಂಗ್ ಪಾರಿತೋಷಕ. 1951ರಲ್ಲಿ ಅದನ್ನು ಮೊದಲು ಪಡೆದ ನಾಲ್ಕು ಸಂಸ್ಥೆಗಳಲ್ಲಿ ಯಾವಾಟ ಮತ್ತು ಫೂಜಿ ಎಂಬ ಎರಡು ಉಕ್ಕಿನ ಕಾರ್ಖಾನೆಗಳಿದ್ದವು.

ಇದರ ಕಟ್ಟಳೆಗಳಲ್ಲಿ ಒಂದು ವಿಶೇಷವಿದೆ. ಸಂಸ್ಥೆಗಳು ಇಲ್ಲಿ ಪರಸ್ಪರ ಸ್ಪರ್ಧಿಸುವುದಿಲ್ಲ. ಅರ್ಜಿ ಸಲ್ಲಿಸಿದ ಸಂಸ್ಥೆಗೆ ಪರೀಕ್ಷಕರು ಬಂದು, ಅಧ್ಯಕ್ಷರಿಂದ ಮೊದಲುಗೊಂಡು ಕೆಳಗಿನವರವರೆಗೆ ಪ್ರಶ್ನಿಸಿ, ಗೊತ್ತಾದ ಮಟ್ಟವನ್ನು ಮುಟ್ಟಿದೆಯೇ ಎಂದು ನೋಡುತ್ತಾರೆ. ಮುಟ್ಟಿದವರಿಗೆಲ್ಲ ಪಾರಿತೋಷಕವುಂಟು. ಮುಟ್ಟದವರು ತಿದ್ದಿಕೊಂಡು ಮತ್ತೆ ಪರೀಕ್ಷೆಗೆ ನಿಲ್ಲಬಹುದು. ವಿದ್ಯಾರ್ಥಿಗೆ ದರ್ಜೆಗೂ ಪ್ರಥಮಸ್ಥಾನಕ್ಕೂ ಇರುವ ಅಂತರವನ್ನು ಬಲ್ಲ ಅಧ್ಯಾಪಕರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಆದರೆ ಪಾರಿತೋಷಕವೊಂದೇ ಯಾರನ್ನೂ ಎಬ್ಬಿಸಿ ನಡೆಸಲಾರದು. ಬುಲ್ಡೋಜರುಗಳನ್ನು ತಯಾರಿಸುತ್ತಿದ್ದ ಕೊಮಾಟ್ಸು ಸಂಸ್ಥೆಯ ನಿದರ್ಶನವು ಇಲ್ಲಿ ಗಮನಾರ್ಹವಾದುದು. ಸ್ವದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ಪ್ರಬಲ ಸ್ಥಾನವಿದ್ದಿತು. ಯಂತ್ರಗಳ ಬಾಳಿಕೆ ಮಾತ್ರ ಅಮೆರಿಕದ ಕ್ಯಾಟರ್‌ಪಿಲರ್ ಯಂತ್ರಗಳಿಗೆ ಸಮನಾಗಿರಲಿಲ್ಲ. 1960ರ ದಶಕದ ಆರಂಭದಲ್ಲಿ ಕ್ಯಾಟರ್‌ಪಿಲರ್ ಸಂಸ್ಥೆಯು ಮಿತ್ಸುಬಿಷಿಯೊಡನೆ ಕೂಡಿ ಜಪಾನಿನಲ್ಲಿಯೇ ಕಾರ್ಖಾನೆ ತೆರೆಯಲು ಹೊರಟಾಗ ಕೊಮಾಟ್ಸುವಿಗೆ ಅಳಿವು ಉಳಿವಿನ ಪ್ರಶ್ನೆ ಎದುರಾಯಿತು. ಅಧ್ಯಕ್ಷ ಕವಾಯಿ, ವೆಚ್ಚವನ್ನು ಸದ್ಯಕ್ಕೆ ಎಣಿಸದೆ ಎದುರಾಳಿಯ ಯಂತ್ರಕ್ಕೆ ಸರಿಗಟ್ಟುವ ಯಂತ್ರವನ್ನು ಮಾಡಬೇಕೆಂದು ವಿಧಿಸಿದರು. ಮೊದಲು ಬಾಳಿಕೆ, ಆಮೇಲೆ ಬೆಲೆ ಎಂಬ ಈ ಅನುಕ್ರಮವನ್ನು ಲೆಕ್ಕಪತ್ರದವರು ಸುಲಭವಾಗಿ ಒಪ್ಪಿರಲಾರರು! ಸಂಸ್ಥೆಯಾದ್ಯಂತ ಗುಣನಿಯಂತ್ರಣದ ಶಿಕ್ಷಣ ನಡೆದು, 1964ರಲ್ಲಿ ಕೊಮಾಟ್ಸು ಡೆಮಿಂಗ್ ಪಾರಿತೋಷಕವನ್ನು ಪಡೆಯಿತು. ಮರುವರ್ಷ ಟೊಯೋಟ ಮೋಟಾರು ಸಂಸ್ಥೆಯ ಸರದಿ. ಕೊಮಾಟ್ಸುವಿನ ಎಚ್ಚರಕ್ಕೆ ಕಾರಣ ಎದುರಾಳಿಯ ಭಯ. ಆ ಭಯಕ್ಕೆ ಒಂದು ಅವಧಿಯನ್ನೂ ಒಂದು ಪಾಠಕ್ರಮವನ್ನೂ ಒದಗಿಸಿದುದು ಪಾರಿತೋಷಕ ಎಂದು ನಾವು ಭಾವಿಸುತ್ತೇವೆ.

ಇದೇ ಭಯವು ಮುಂದೆ ದಿಕ್ಕು ಬದಲಿಸಿ ಅಮೆರಿಕವನ್ನು ಮುಟ್ಟಿತು. ಜಪಾನಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯ ಎಂದು ಕೇಳಿದ ದೂರದರ್ಶನದ ಕಾರ್ಯಕ್ರಮವೊಂದು 1980ರಲ್ಲಿ ಪ್ರಸಾರವಾದಾಗ, ಅಲ್ಲಿಯವರೆಗೆ ಸ್ವದೇಶದಲ್ಲಿ ಬಹುಮಂದಿಗೆ ಅಪರಿಚಿತರಾಗಿದ್ದ ಡೆಮಿಂಗ್ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಪ್ರಸಿದ್ಧರಾದರು. 1987ರ ಜುಲೈಯಲ್ಲಿ ವಾಣಿಜ್ಯ ಕಾರ್ಯದರ್ಶಿ ಮಾಲ್ಕಮ್ ಬಾಲ್ಡ್ರಿಜ್ ಕುದುರೆಸವಾರಿಯ ಅಪಘಾತದಲ್ಲಿ ಮೃತರಾದರು. ಅವರ ಹೆಸರಿನ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯ ಶಾಸನಕ್ಕೆ ಆಗಸ್ಟ್ 20ರಂದು ಅಧ್ಯಕ್ಷ ರೇಗನ್ ಅಂಕಿತ ಹಾಕಿದರು. ಇದು ಸರ್ಕಾರದ ಪ್ರಶಸ್ತಿ, ಸ್ಪರ್ಧೆಯ ಪ್ರಶಸ್ತಿ. ಒಟ್ಟು 1000 ಅಂಕಗಳ ಮೇಲೆ ಪರೀಕ್ಷೆ. ಒಂದೊಂದು ವರ್ಗದಲ್ಲಿ ಆಗ ಎರಡಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. 1988ರಲ್ಲಿ ಮೋಟೊರೋಲಾ, ವೆಸ್ಟಿಂಗ್‌ಹೌಸ್‌ನ ಪರಮಾಣು ಇಂಧನ ವಿಭಾಗ ಮತ್ತು ಗ್ಲೋಬ್ ಮೆಟಲರ್ಜಿಕಲ್ ಎಂಬ ಸಣ್ಣ ಸಂಸ್ಥೆ ಮೊದಲ ವಿಜೇತರಾದವು. ಗೆದ್ದ ಮೋಟೊರೋಲಾ, ತನಗೆ ಬಿಡಿಭಾಗಗಳನ್ನು ಒದಗಿಸುವವರೂ ಈ ಪ್ರಶಸ್ತಿಗೆ ಅರ್ಜಿ ಹಾಕಬೇಕೆಂದು ಒತ್ತಾಯಿಸಿತು. 1991ರಲ್ಲಿ ಬಂದ ಅರ್ಜಿಗಳು 106. ಪರೀಕ್ಷೆಯ ಪ್ರಶ್ನೆಗಳನ್ನೊಳಗೊಂಡ ಕೈಪಿಡಿಯನ್ನು ತರಿಸಿಕೊಂಡವರಾದರೋ ಲಕ್ಷವನ್ನು ಮೀರಿದ್ದರು. ಪ್ರಶಸ್ತಿಯ ಹಂಬಲವಿಲ್ಲದೆಯೂ ಪ್ರಶ್ನೆಗಳಿಂದ ಪ್ರಯೋಜನ ಪಡೆದವರು ಹಲವರಿದ್ದರೆಂದು ಇದರಿಂದ ಊಹಿಸಬಹುದು.

ಇನ್ನು ಕೆಟ್ಟ ನಿದರ್ಶನಗಳನ್ನೂ ಮುಚ್ಚಿಡಬಾರದು. ಫ್ಲೋರಿಡಾದ ಪವರ್ ಅಂಡ್ ಲೈಟ್ ಎಂಬ ವಿದ್ಯುತ್ ಸಂಸ್ಥೆಯು ಜಪಾನಿನ ಕಾನ್ಸಾಯಿ ವಿದ್ಯುತ್ ಸಂಸ್ಥೆಯಿಂದ ಕಲಿತು, 1989ರಲ್ಲಿ ಡೆಮಿಂಗ್ ಪಾರಿತೋಷಕವನ್ನು ಪಡೆದ ಮೊದಲ ಜಪಾನೇತರ ಸಂಸ್ಥೆಯಾಯಿತು. ಸಿದ್ಧತೆಯ ಶ್ರಮ ಎಷ್ಟಿದ್ದಿತೆಂದರೆ, ಕೆಲಸಕ್ಕಿಂತ ಕಾಗದವೇ ಹೆಚ್ಚಾಯಿತೆಂದು ನೌಕರರು ದೂರಿದರು. ಹೊಸ ಆಡಳಿತವು ಗುಣಮಟ್ಟದ ವಿಭಾಗವನ್ನು ಬಹುವಾಗಿ ಮೊಟಕುಮಾಡಿತು. 1990ರಲ್ಲಿ ಬಾಲ್ಡ್ರಿಜ್ ಪ್ರಶಸ್ತಿ ಪಡೆದ ಹ್ಯೂಸ್ಟನ್ನಿನ ವ್ಯಾಲೇಸ್ ಸಂಸ್ಥೆ 1992ರಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಅಂಕಕೊಟ್ಟು ಶ್ರೇಣೀಕರಿಸುವ ಪದ್ಧತಿಯನ್ನೇ ಒಪ್ಪದ ಡೆಮಿಂಗ್, ಬಾಲ್ಡ್ರಿಜ್ ಪ್ರಶಸ್ತಿಯನ್ನು ಕಟುವಾಗಿ ಖಂಡಿಸಿದ್ದರು. ತಮ್ಮ ಹೆಸರಿನಲ್ಲೇ ಒಂದು ಪಾರಿತೋಷಕವಿದ್ದ ಅವರ ಬಾಯಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ಎರಡರ ಕಟ್ಟಳೆಗಳಲ್ಲಿದ್ದ ಭೇದವನ್ನು ನೆನೆದರೆ ಅಸಂಗತವೆನಿಸದು. ಪರಿಶೀಲನಾ ತಂಡವು ಬರುವ ವಾರದಲ್ಲಿ ಕಾಲೇಜಿನ ಕಡತಗಳೆಲ್ಲ ಒಮ್ಮೆಗೇ ಧೂಳು ಕೊಡವಿಕೊಂಡು ನಿಲ್ಲುವುದನ್ನು ಕಂಡಿರುವ ನಾವು, ಫ್ಲೋರಿಡಾದ ನೌಕರರನ್ನು ನೋಡಿ ನಗುವಂತಿಲ್ಲ.

ಭಾರತದ ವಿಷಯದಲ್ಲಿ ಚರಿತ್ರಕಾರನು ತಡೆದು ನಿಲ್ಲಬೇಕಾದ ಸಂಗತಿಯೊಂದಿದೆ. ಡೆಮಿಂಗ್ ಜಪಾನಿನಲ್ಲಿ ಉಪನ್ಯಾಸ ಮಾಡುವುದಕ್ಕೆ ಮೊದಲೇ, 1947–48ರಲ್ಲಿ, ಸ್ವಯಂ ಷೂಹಾರ್ಟರೇ ಮಹಲನೋಬಿಸರ ಆಹ್ವಾನದ ಮೇಲೆ ಇಲ್ಲಿಗೆ ಬಂದು ಕಾರ್ಖಾನೆಗಳವರೊಡನೆ ಮಾತನಾಡಿದ್ದರು. 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಬೆಂಗಳೂರಿನಲ್ಲಿಯೂ ಗುಣನಿಯಂತ್ರಣದ ಘಟಕವನ್ನು ತೆರೆಯಿತು. ಹೀಗೆ ವಿದ್ಯೆಯು ನಮಗೆ ತಡವಾಗಿ ಬಂದುದಲ್ಲ. ಆದರೆ ಸ್ಕೂಟರಿಗಾಗಿ ಹಣ ಕಟ್ಟಿ ಗಿರಾಕಿಯೇ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ತಯಾರಕನಿಗೆ ಪರೀಕ್ಷೆಯ ಅಗತ್ಯ ತೋರಲಿಲ್ಲ. ಭಾರತೀಯ ಮಾನಕ ಬ್ಯೂರೋ ರಾಜೀವ್ ಗಾಂಧಿ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯನ್ನು ಸ್ಥಾಪಿಸಿದ 1991ನೆಯ ಇಸವಿಯಲ್ಲಿಯೇ ಆಮದು ಮತ್ತು ಪರವಾನಗಿಗಳ ಕಟ್ಟುಗಳೂ ಸಡಿಲಗೊಂಡವು. ಇವೆರಡರಲ್ಲಿ ಕಾರ್ಖಾನೆಗಳನ್ನು ಹೆಚ್ಚು ಎಚ್ಚರಿಸಿದುದು ಎರಡನೆಯದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಏಳು ವರ್ಷಗಳಲ್ಲಿ, 1998ರಲ್ಲಿ, ಚೆನ್ನೈಯ ಸುಂದರಂ ಕ್ಲೇಟನ್ನಿನ ಬ್ರೇಕು ವಿಭಾಗವು ಡೆಮಿಂಗ್ ಪಾರಿತೋಷಕ ಪಡೆದ ಮೊದಲ ಭಾರತೀಯ ಸಂಸ್ಥೆಯಾಯಿತು. 2002ರಲ್ಲಿ ಅದೇ ಬಳಗದ ಟಿವಿಎಸ್ ಮೋಟಾರು ಸಂಸ್ಥೆಗೆ ಅದು ಸಂದಿತು. ಹೊಸೂರಿನ ಜೊತೆಗೆ ನಮ್ಮ ಮೈಸೂರಿನಲ್ಲಿಯೂ ಕಾರ್ಖಾನೆಯುಳ್ಳ ಆ ಸಂಸ್ಥೆಯು ಅದಕ್ಕೆ ಹಿಂದಿನ ವರ್ಷವಷ್ಟೇ ಜಪಾನಿನ ಸುಜುಕಿಯೊಡನಿದ್ದ ಪಾಲುದಾರಿಕೆಯನ್ನು ಕಡಿದುಕೊಂಡು, ಸ್ವಂತ ವಾಹನಗಳನ್ನು ರೂಪಿಸಲು ತೊಡಗಿದ್ದಿತು.