ಸದ್ದಿಲ್ಲದ ಫ್ಯಾನಿನ ಹಿಂದೆ ಮುನ್ನೂರು ವರ್ಷ



ನಿಮ್ಮಲ್ಲಿ ಕೆಲವರ ಮನೆಯಲ್ಲಿ ಒಂದು ಪುಟ್ಟ ತೋಟವಿದೆ. ಬಾಲ್ಕನಿಯೂ ಇಲ್ಲದ ಫ್ಲ್ಯಾಟಿನಲ್ಲಿ, ಹಳೆಯ ಬಟ್ಟೆ ಕಪಾಟಿನೊಳಗೋ ಸ್ಟೋರ್ ರೂಮಿನ ಮೂಲೆಯಲ್ಲೋ ಎಲ್‌ಇಡಿ ದೀಪ ಹಾಕಿ ಬೆಳೆಸುವ ತೋಟ. ದೊಡ್ಡಪತ್ರೆ, ಒಂದೆಲಗ, ಕಾಮಕಸ್ತೂರಿ, ಪುದೀನ. ತಂಬುಳಿ ತಿನ್ನುವ ಆಸೆಯಾದಾಗ ದಾದರ್ ಮಾರ್ಕೆಟ್ಟಿಗೆ ಓಡಿ ಒಂದೆಲಗ ಹುಡುಕುವುದಕ್ಕಿಂತ ಕಪಾಟಿನ ಬಾಗಿಲು ತೆರೆಯುವುದು ಸುಲಭ ನೋಡಿ!

ಆದರೆ ಕಪಾಟಿನ ಬಾಗಿಲು ಮುಚ್ಚಿಟ್ಟರೆ ಎಲೆಗಳ ಮೇಲೆ ಬೂದಿ ಹಿಡಿಯುತ್ತದೆ, ದೊಡ್ಡಪತ್ರೆಯ ಕಾಂಡ ಕೊಳೆಯುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗಿಡ ಬದುಕುತ್ತದೆ, ಆದರೆ ಒಂದೂವರೆ ಕೋಣೆಯ ಮನೆಯಲ್ಲಿ ಆ ಗುಂಯ್‌ಗುಡುವ ಸದ್ದಿಗೆ ವಯಸ್ಸಾದ ಅತ್ತೆಗೆ ನಿದ್ದೆಯಿಲ್ಲ, ನಿಮಗೆ ರೇಡಿಯೋ ಕೇಳುವುದಿಲ್ಲ. ಹಾಗಾಗಿ ಫ್ಯಾನ್ ಆರಿಸುತ್ತೀರಿ. ಮತ್ತೆ ಬೂದಿ. ಅಂಗಡಿಯಲ್ಲಿ ಕೇಳಿದರೆ "ಇದು ಸೈಲೆಂಟ್ ಸಾರ್" ಎಂದು ಎಲ್ಲ ಡಬ್ಬಗಳನ್ನೂ ತೋರಿಸುತ್ತಾರೆ. ಯಾವುದನ್ನು ನಂಬುವುದು?

ಈ ಪೇಚಾಟ ಹೊಸದೇನಲ್ಲ. ಗಿಡಕ್ಕೂ ಗಾಳಿಗೂ ಇರುವ ಲೆಕ್ಕವನ್ನು ಮೊದಮೊದಲು ತಕ್ಕಡಿಗೆ ಹಾಕಿದವರಲ್ಲಿ ಒಬ್ಬರು ಲಂಡನ್ ಬಳಿಯ ಟೆಡಿಂಗ್‌ಟನ್ ಎಂಬ ಹಳ್ಳಿಯ ಪಾದ್ರಿ, ಸ್ಟೀಫನ್ ಹೇಲ್ಸ್. 1724ರ ಬೇಸಿಗೆಯಲ್ಲಿ ಅವರು ಕುಂಡದಲ್ಲಿ ಬೆಳೆದ ಒಂದು ಸೂರ್ಯಕಾಂತಿ ಗಿಡ ತೆಗೆದುಕೊಂಡರು. ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ತೆಳುವಾದ ಸೀಸದ ತಗಡು ಮುಚ್ಚಿದರು. ಹದಿನೈದು ದಿನ ಬೆಳಿಗ್ಗೆ ಸಂಜೆ ತೂಕ ಮಾಡಿದರು. ಹಗಲಿನ ಹನ್ನೆರಡು ಗಂಟೆಯಲ್ಲಿ ಆ ಒಂದೇ ಗಿಡ ಸರಾಸರಿ 20 ಔನ್ಸ್, ಅಂದರೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತಿತ್ತು! ಗಾತ್ರಕ್ಕೆ ಗಾತ್ರ ಹೋಲಿಸಿದರೆ ಮನುಷ್ಯನ ಹದಿನೇಳು ಪಟ್ಟು ಎಂದು ಅವರು ಲೆಕ್ಕ ಹಾಕಿದರು. 1727ರಲ್ಲಿ ಪ್ರಕಟವಾದ ಅವರ 'ವೆಜಿಟೆಬಲ್ ಸ್ಟ್ಯಾಟಿಕ್ಸ್' ಪುಸ್ತಕದಲ್ಲಿ ಇದೆಲ್ಲ ಇದೆ.

ನಿಮ್ಮ ಕಪಾಟಿನ ಕಷ್ಟ ಇಷ್ಟೇ. ನೀವು ಕುಂಡಕ್ಕೆ ಹಾಕಿದ ನೀರಿನ ಬಹುಪಾಲು ಸಂಜೆಯೊಳಗೆ ಕಪಾಟಿನ ಗಾಳಿಯಲ್ಲಿರುತ್ತದೆ. ಅದನ್ನು ಹೊರಗೆ ಕಳಿಸಬೇಕು. ಫ್ಯಾನು ಬೇಕಾಗಿರುವುದು ಗಿಡಕ್ಕೆ ತಂಪು ಬೀಸಲಿಕ್ಕಲ್ಲ.

ಕುತೂಹಲದ ಸಂಗತಿಯೆಂದರೆ ಇದೇ ಹೇಲ್ಸ್ ಮುಂದೆ ಗಾಳಿಯಾಡಿಸುವ ಯಂತ್ರಗಳನ್ನೂ ಮಾಡಿದರು. ದೊಡ್ಡ ಪೆಟ್ಟಿಗೆಯಂಥ ತಿದಿಗಳು, ನಮ್ಮ ಕಮ್ಮಾರನ ಕುಲುಮೆಯಲ್ಲಿ ಇರುವಂಥವೇ. 1743ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಹಡಗಿನ ತಳ, ಧಾನ್ಯದ ಕಣಜ, ಆಸ್ಪತ್ರೆಗಳಿಗೆ ಅವು ಹೋದವು. 1752ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮೇಲೆ ಗಾಳಿಗಿರಣಿ ಕೂರಿಸಿ ತಿದಿಗಳನ್ನು ನಡೆಸಿದರು. ಗುಲಾಮರನ್ನು ತುಂಬಿದ ಹಡಗುಗಳಿಗೂ ಈ ಯಂತ್ರಗಳು ಹೋದವೆಂಬುದನ್ನು ಮರೆಯುವಂತಿಲ್ಲ. ಒಳಗಿದ್ದವರಿಗೆ ಉಸಿರು ಕೊಟ್ಟ ಯಂತ್ರವೇ ಆ ವ್ಯಾಪಾರಕ್ಕೂ ಲಾಭ ಕೊಟ್ಟಿತು.

ತಿರುಗುವ ಚಕ್ರದ ಫ್ಯಾನು ಅದಕ್ಕಿಂತ ಹಳೆಯದು. 1556ರಲ್ಲಿ ಅಚ್ಚಾದ ಅಗ್ರಿಕೋಲಾನ ಗಣಿಗಾರಿಕೆ ಗ್ರಂಥದಲ್ಲಿಯೇ ಅದರ ಚಿತ್ರಗಳಿವೆ. ಆದರೆ ನಮ್ಮ ವಿಷಯಕ್ಕೆ ಹತ್ತಿರದ ಕಥೆ ಲಂಡನ್ನಿನ ಪಾರ್ಲಿಮೆಂಟಿನದು. ಹೌಸ್ ಆಫ್ ಕಾಮನ್ಸ್ ಸಭಾಂಗಣ ಸೆಕೆಗೆ ಬೇಯುತ್ತಿತ್ತು. ಜಾನ್ ಡೆಸಾಗುಲಿಯರ್ಸ್ ಎಂಬ ವಿಜ್ಞಾನಿ 1723ರಲ್ಲಿ ಮಾಳಿಗೆಯ ಮೇಲೆ ಬೆಂಕಿಗೂಡುಗಳನ್ನು ಕಟ್ಟಿಸಿದ. ಮೇಲೆ ಬೆಂಕಿ ಹಾಕಿದರೆ ಕೆಳಗಿನ ಬಿಸಿಗಾಳಿ ಮೇಲೇರಿ ಹೊರಹೋಗಬೇಕು. ಸದ್ದೇ ಇಲ್ಲದ ಉಪಾಯ! ಆದರೆ ಆ ಮೇಲಿನ ಕೋಣೆಗಳು ಮಿಸೆಸ್ ಸ್ಮಿತ್ ಎಂಬ ಮನೆವಾರ್ತೆಯ ಹೆಂಗಸಿನ ಸ್ವಾಧೀನದಲ್ಲಿದ್ದವು. ತನ್ನ ಕೋಣೆಯಲ್ಲಿ ಈ ರಗಳೆ ಆಕೆಗೆ ಬೇಡವಾಗಿತ್ತು. ಸಭೆ ಕೂತು ಒಳಗೆಲ್ಲ ಕಾದು ಹೋಗುವವರೆಗೆ ಆಕೆ ಬೆಂಕಿಯನ್ನೇ ಹಚ್ಚಿಸುತ್ತಿರಲಿಲ್ಲ. ಡೆಸಾಗುಲಿಯರ್ಸನ ಯೋಜನೆ ಅಲ್ಲಿಗೆ ಬಿತ್ತು. ಮೇಲಿನ ಮನೆಯವರ ಒಪ್ಪಿಗೆಯಿಲ್ಲದೆ ಗಾಳಿಕಿಂಡಿ ಕೊರೆಯಲು ಹೊರಟವರಿಗೆ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ?

ಆತ ಬಿಡಲಿಲ್ಲ. 1736ರಲ್ಲಿ ಅಲ್ಲೇ ಏಳು ಅಡಿ ವ್ಯಾಸದ, ಒಂದು ಅಡಿ ಅಗಲದ ರೆಕ್ಕೆಚಕ್ರವನ್ನು ಕೂರಿಸಿದ. ಒಬ್ಬ ಆಳು ಕೈಯಲ್ಲಿ ತಿರುಗಿಸಬೇಕು. ಆ ಆಳಿಗೆ ಆತ ಇಟ್ಟ ಹೆಸರು 'ವೆಂಟಿಲೇಟರ್'. ಇಂದು ಆಸ್ಪತ್ರೆಯಲ್ಲಿ ಕೇಳಿದರೆ ಎದೆ ಝಲ್ಲೆನ್ನುವ ಪದ, ಆಗ ಒಬ್ಬ ಕೂಲಿಯಾಳಿನ ಹುದ್ದೆಯ ಹೆಸರು!

ಆ ಚಕ್ರದಲ್ಲಿ ಗಮನಿಸಬೇಕಾದದ್ದು ಅಳತೆ. ಏಳು ಅಡಿ. ಮನುಷ್ಯನ ಕೈ ಎಷ್ಟು ವೇಗವಾಗಿ ತಿರುಗಿಸೀತು? ನಿಧಾನಕ್ಕೇ ತಿರುಗಬೇಕಾದ್ದರಿಂದ ಚಕ್ರ ದೊಡ್ಡದಾಗಲೇಬೇಕಿತ್ತು. ದೊಡ್ಡದು ಮತ್ತು ನಿಧಾನ. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತವೆ.

ಈಗ ನೀವು ಕೇಳಬಹುದು, ಫ್ಯಾನೇ ಬೇಡವೆಂದರೆ? ಅದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. ಲಂಡನ್ ಬಂದರಿನ ಹತ್ತಿರ ವೆಲ್‌ಕ್ಲೋಸ್ ಸ್ಕ್ವೇರಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಕಲ್ಲಿದ್ದಲ ಹೊಗೆಗೆ ಅವನ ಜರೀಗಿಡಗಳೆಲ್ಲ ಸತ್ತಿದ್ದವು. 1829ರಲ್ಲಿ ಒಂದು ಪತಂಗದ ಕೋಶವನ್ನು ಒದ್ದೆಮಣ್ಣಿನೊಡನೆ ಗಾಜಿನ ಶೀಷೆಯಲ್ಲಿ ಮುಚ್ಚಿಟ್ಟಿದ್ದ. ನೋಡಿದರೆ ಒಳಗೆ ಒಂದು ಜರೀಗಿಡ, ಒಂದು ಹುಲ್ಲು ಮೊಳೆತಿವೆ! ಹಗಲು ಆವಿಯಾದ ನೀರು ಗಾಜಿಗೆ ಅಂಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆ ಗಿಡಗಳು ಹೊಸ ನೀರಿಲ್ಲದೆ ಸುಮಾರು ನಾಲ್ಕು ವರ್ಷ ಬದುಕಿದವು. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಸಿಡ್ನಿಗೆ ಹೋದ ಗಿಡಗಳು ಸಮುದ್ರ ದಾಟಿ ಹಸಿರಾಗಿಯೇ ತಲುಪಿದವು. 'ವಾರ್ಡಿಯನ್ ಕೇಸ್' ಎಂದು ಅದಕ್ಕೆ ಹೆಸರಾಯಿತು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ.

ಹಾಗಾದರೆ ಮುಚ್ಚಿದ ಗಾಜಿನ ಪೆಟ್ಟಿಗೆಯೇ ಸಾಕಲ್ಲ? ತಡೆಯಿರಿ. ಮಲೇರಿಯಾಕ್ಕೆ ಕ್ವಿನೈನ್ ಕೊಡುವ ಸಿಂಕೋನಾ ಗಿಡಗಳನ್ನು ಕ್ಲೆಮೆಂಟ್ಸ್ ಮಾರ್ಕಂ 1860ರಲ್ಲಿ ದಕ್ಷಿಣ ಅಮೆರಿಕದಿಂದ ಇಂಥ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಇಂಗ್ಲೆಂಡ್, ಕೆಂಪು ಸಮುದ್ರ, ಮುಂಬಯಿ ಮಾರ್ಗವಾಗಿ ನೀಲಗಿರಿಗೆ ಹೊರಟ. ಕೆಂಪು ಸಮುದ್ರದ ಬಿಸಿಲಿಗೆ ಪೆಟ್ಟಿಗೆಗಳು ಕಾದವು. ಊಟಿ ತಲುಪುವ ಹೊತ್ತಿಗೆ ಅವನ ಶ್ರಮವೆಲ್ಲ ವ್ಯರ್ಥವಾಗಿತ್ತು. ಊಟಿಯಲ್ಲಿ ಬೇರೂರಿದ್ದು ಮರುವರ್ಷ, 1861ರ ಏಪ್ರಿಲಿನಲ್ಲಿ, ಎಕ್ವಡಾರ್‌ನಿಂದ ರಿಚರ್ಡ್ ಸ್ಪ್ರೂಸ್ ಸಂಗ್ರಹಿಸಿ ಕಳಿಸಿದ ಗಿಡಗಳು. ನಮ್ಮ ಮೈಸೂರು ಸೀಮೆಯ ಪಕ್ಕದಲ್ಲೇ ಸಿಂಕೋನಾ ತೋಟ ಎದ್ದದ್ದು ಹೀಗೆ.

ಮುಚ್ಚಿದ ಪೆಟ್ಟಿಗೆ ತಂಪಿನಲ್ಲಿ ಜರೀಗಿಡಕ್ಕೆ ಸ್ವರ್ಗ. ಮೇ ತಿಂಗಳ ಚೆನ್ನೈಯಲ್ಲಿ, ಮೇಲೆ ದೀಪ ಉರಿಯುವಾಗ, ದೊಡ್ಡಪತ್ರೆಗೆ ಅದು ಇಡ್ಲಿ ಪಾತ್ರೆ. ಪಾಚಿ, ಜರೀಗಿಡ ಬೆಳೆಸುವವರು ಫ್ಯಾನಿನ ದುಡ್ಡು ಉಳಿಸಿ. ಉಳಿದವರು ಮುಂದೆ ಓದಿ.

ನಡುವಿನ ದಾರಿಯೊಂದು ಬೆಂಗಳೂರಿನಲ್ಲೇ ಇದೆ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು, ಪ್ರಿನ್ಸ್ ಆಲ್ಬರ್ಟ್ ವಿಕ್ಟರ್. ಕಬ್ಬಿಣದ ಭಾಗಗಳು ಗ್ಲ್ಯಾಸ್ಗೋದ ಸ್ಯಾರಸೆನ್ ಫೌಂಡ್ರಿಯವು. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ನೆನಪಿಸಿಕೊಳ್ಳಿ, ಸುತ್ತಲೂ ಕೆಳಭಾಗ ಬಹುಮಟ್ಟಿಗೆ ಬಯಲು, ಗಾಜೆಲ್ಲ ಮೇಲೆ. ಅಷ್ಟು ಜನಜಂಗುಳಿಯಲ್ಲೂ ಉಸಿರುಕಟ್ಟುವುದಿಲ್ಲ. ನಿಮ್ಮ ಕಪಾಟಿನಲ್ಲೂ ಗಾಳಿ ಒಳಬರುವ ಕಿಂಡಿ ಕೆಳಗಿರಲಿ, ಹೊರಹೋಗುವ ಕಿಂಡಿ ಮೇಲಿರಲಿ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಅರ್ಧ ಕೆಲಸ ಪುಕ್ಕಟೆ. ಒಳಕಿಂಡಿ ಹೊರಕಿಂಡಿಗಿಂತ ದೊಡ್ಡದಿರಬೇಕು. ಚಿಕ್ಕದಾದರೆ ಗಾಳಿ ಸೀಟಿ ಹೊಡೆಯುತ್ತದೆ, ಜನ ಫ್ಯಾನನ್ನು ಬಯ್ಯುತ್ತಾರೆ.

ಇನ್ನು ಚಹಾ ತೋಟದಿಂದ ಬಂದ ಫ್ಯಾನಿನ ಕಥೆ. ಸ್ಯಾಮ್ಯುಯಲ್ ಡೇವಿಡ್ಸನ್ ಎಂಬ ಐರಿಷ್ ಹುಡುಗ 1864ರಲ್ಲಿ ಅಸ್ಸಾಮಿನ ಕಾಚಾರಿಗೆ ಚಹಾ ತೋಟದ ಕೆಲಸಕ್ಕೆ ಬಂದ. ಎಲೆಯನ್ನು ಇದ್ದಿಲ ಬೆಂಕಿಯ ಮೇಲೆ ಒಣಗಿಸುತ್ತಿದ್ದುದನ್ನು ಕಂಡು, ಬಿಸಿಗಾಳಿಯಿಂದ ಒಣಗಿಸುವ ಯಂತ್ರ ರೂಪಿಸಿದ. ಊರಿಗೆ ಮರಳಿ ಬೆಲ್‌ಫಾಸ್ಟಿನಲ್ಲಿ 1881ರಲ್ಲಿ ಕಾರ್ಖಾನೆ ತೆರೆದ. ಮರುಭೂಮಿಯ ಬಿಸಿಗಾಳಿಯ ಹೆಸರಾದ 'ಸಿರೋಕೋ' ಎಂದೇ ಅದರ ನಾಮಕರಣ. 1898ರಲ್ಲಿ ಅವನು ಹೊಸ ಬಗೆಯ ಫ್ಯಾನ್ ಮಾಡಿದ. ಕೆಲವೇ ಅಗಲ ರೆಕ್ಕೆಗಳ ಬದಲು ಡೋಲಿನಂಥ ಚಕ್ರದ ಅಂಚಿಗೆ ಹಲವಾರು ಗಿಡ್ಡ ರೆಕ್ಕೆಗಳು, ತಿರುಗುವ ದಿಕ್ಕಿಗೆ ಬಾಗಿದವು. ಕಡಿಮೆ ವೇಗದಲ್ಲೇ ಅದು ಬಹಳ ಗಾಳಿ ತಳ್ಳುತ್ತಿತ್ತು. ಹಡಗು, ಗಣಿಗಳಿಗೂ ಹೋಯಿತು. ದಿಲ್ಲಿಯವರು ಹಳೆಯ ಬ್ಲೋವರ್ ಮಾದರಿಯ ಕೂಲರಿನ ಹಿಂಬದಿ ಬಿಚ್ಚಿ ನೋಡಿ, ಅಳಿಲಿನ ಪಂಜರದಂಥ ಆ ಚಕ್ರ ಡೇವಿಡ್ಸನ್ನನ ಸಂತತಿಯದೇ.

ವಿದ್ಯುತ್ ಫ್ಯಾನು 1880ರ ದಶಕದ್ದು. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರು ಪೇಟೆಗೆ ಬಂತು. ಮೋಟಾರಿಗೆ ಮನುಷ್ಯನ ಕೈಯಂತೆ ಸುಸ್ತಾಗುವುದಿಲ್ಲ. ಏಳು ಅಡಿಯ ಚಕ್ರ ಬೇಕಿಲ್ಲ, ಆರು ಇಂಚಿನದನ್ನೇ ಬಿರುಸಾಗಿ ತಿರುಗಿಸಿದರಾಯಿತು. ಫ್ಯಾನು ಚಿಕ್ಕದಾಯಿತು, ಅಗ್ಗವಾಯಿತು, ಸದ್ದು ಮನೆಯೊಳಗೆ ಬಂತು.

ಆ ಸದ್ದನ್ನು ಅಳೆಯಲು ಕಲಿತದ್ದು ಟೆಲಿಫೋನಿನವರು. 1920ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತಂತಿಯಲ್ಲಿ ದನಿ ಎಷ್ಟು ಕ್ಷೀಣಿಸುತ್ತದೆಂದು ಅಳೆಯಲು ಮಾಡಿಕೊಂಡ ಮಾನವೇ ಡೆಸಿಬೆಲ್, ಗ್ರಹಾಂ ಬೆಲ್ ಹೆಸರಿನದು. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. ಎಂಜಿನಿಯರುಗಳ ಲೆಕ್ಕದಲ್ಲಿ, ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅದೇ ಬಗೆಯ ನಾಲ್ಕು ಇಂಚಿನ ಫ್ಯಾನಿನ ಬದಲು ಆರು ಇಂಚಿನದು ಹಾಕಿದರೆ ಅಷ್ಟೇ ಗಾಳಿಗೆ ಮೂರರಲ್ಲಿ ಒಂದು ಪಾಲಿನಷ್ಟು ವೇಗವೂ ಬೇಡ. ಡೆಸಾಗುಲಿಯರ್ಸನ ಚಕ್ರ ಹೇಳಿದ್ದೂ ಇದನ್ನೇ.

ಈಗ ನಿಮ್ಮ ಲೆಕ್ಕ. ಎರಡಡಿ ಉದ್ದ, ಎರಡಡಿ ಅಗಲ, ಐದಡಿ ಎತ್ತರದ ಕಪಾಟು ಎಂದರೆ 20 ಘನ ಅಡಿ. ನಿಮಿಷಕ್ಕೊಮ್ಮೆ ಗಾಳಿ ಬದಲಾದರೆ ಧಾರಾಳ. ಅಂದರೆ ಗಂಟೆಗೆ 34 ಘನ ಮೀಟರ್. ಅಡಿಗೆಮನೆಯ ಆರು ಇಂಚಿನ ಫ್ಯಾನು ಇದರ ಎಷ್ಟೋ ಪಟ್ಟು ತಳ್ಳುತ್ತದೆ. ಇಷ್ಟು ಚಿಕ್ಕ ಜಾಗಕ್ಕೆ ಕಂಪ್ಯೂಟರಿನೊಳಗಿನ 120 ಮಿಲಿಮೀಟರ್ ಫ್ಯಾನು, 12 ವೋಲ್ಟಿನದು, ನಿಧಾನದ ಮಾದರಿ, ಸಾಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್, ಎಲ್ಲ ಕಡೆ ಸಿಗುತ್ತದೆ. ಡಬ್ಬದ ಮೇಲೆ ಡೆಸಿಬೆಲ್ ಬರೆದಿದ್ದರೆ ಎಷ್ಟು ದೂರದಿಂದ ಅಳೆದದ್ದೆಂದು ನೋಡಿ. ಮೂರು ಮೀಟರ್ ದೂರದ ಅಳತೆಯನ್ನು ಒಂದು ಮೀಟರಿನದರ ಜೊತೆ ಹೋಲಿಸಬೇಡಿ. ಎರಡು ಫ್ಯಾನಿಗೆ ಒಂದೇ ಅಂಕಿ ಇದ್ದರೂ ಚಿಕ್ಕದರ ಕೀರಲು ದನಿ ಹೆಚ್ಚು ಕಾಡುತ್ತದೆ.

ಆದರೆ ವಾಸನೆಗೆಂದು ಇದ್ದಿಲಿನ ಫಿಲ್ಟರ್ ಹಾಕುವವರು, ಉದ್ದನೆಯ ಪೈಪಿನಲ್ಲಿ ಗಾಳಿ ಕಳಿಸುವವರು ನಿಧಾನದ ಫ್ಯಾನನ್ನು ನಂಬಬೇಡಿ. ವೇಗ ಇಳಿದಂತೆ ತಳ್ಳುವ ಬಲ ಇನ್ನೂ ಬೇಗ ಇಳಿಯುತ್ತದೆ, ಗಾಳಿ ಅಲ್ಲೇ ನಿಲ್ಲುತ್ತದೆ. ಅಂಥವರಿಗೆ ಪೈಪಿನ ನಡುವೆ ಕೂರುವ ಇನ್‌ಲೈನ್ ಫ್ಯಾನೇ ಬೇಕು. ಒಂದು ಸೈಜು ದೊಡ್ಡದು ಕೊಂಡು ವೇಗ ತಗ್ಗಿಸಿ ಓಡಿಸಿ. ಸಾದಾ ರೆಗ್ಯುಲೇಟರಿಗೆ ಕೆಲವು ಮೋಟಾರುಗಳು ಗುಂಯ್‌ಗುಡುತ್ತವೆ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಜೋಡಿಸಿ ಕೇಳಿ.

ತಂದದ್ದನ್ನು ಪ್ಲೈವುಡ್ಡಿಗೆ ನೇರ ಸ್ಕ್ರೂ ಹೊಡೆಯಬೇಡಿ. ಕಪಾಟೆಲ್ಲ ತಂಬೂರಿಯ ಬುರುಡೆಯಂತೆ ಅನುರಣಿಸುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು ನಡುವೆ ಇಟ್ಟರೂ ಸಾಕು. ಹೊರಕಿಂಡಿಗೆ ಪಾರಿವಾಳ ಗೂಡು ಕಟ್ಟದಂತೆ ಜಾಲರಿ ಬೇಕೇ ಬೇಕು. ಅದು ರೆಕ್ಕೆಗೆ ತೀರ ಹತ್ತಿರವಿದ್ದರೆ ಮತ್ತೆ ಸದ್ದು, ಎರಡು ಮೂರು ಇಂಚು ದೂರ ಬಿಗಿಯಿರಿ.