ಮೊಹರು ಹಾಕಿದವನಿಗೆ ಕಾವಲು ಯಾರು?

ಕಿತ್ತೂರು ಅಂದ ಕೂಡಲೇ ನಮಗೆ ಕತ್ತಿ ನೆನಪಾಗುತ್ತದೆ, ಕುದುರೆ ನೆನಪಾಗುತ್ತದೆ. ಆದರೆ ಆ ಜಗಳ ಶುರುವಾದದ್ದು ಕತ್ತಿಯಿಂದ ಅಲ್ಲ ವೀಕ್ಷಕರೇ, ಒಂದು ಬಾಗಿಲಿನಿಂದ. ಸರಿಯಾಗಿ ಹೇಳಬೇಕಂದ್ರೆ, ಬಾಗಿಲಿನ ಮೇಲೆ ಬಿದ್ದ ಮೊಹರಿನಿಂದ.

1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇವೆ ಅಂತ ಧಾರವಾಡಕ್ಕೆ ಸುದ್ದಿ ಮುಟ್ಟಿತು. ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಪತ್ರದ ಮೇಲಿನ ದೊರೆಯ ಸಹಿಯ ಮೇಲೇ ಆತನಿಗೆ ಅನುಮಾನ. ಆಮೇಲೆ ಮಾಡಿದ ಕೆಲಸ ಏನು ಗೊತ್ತಾ? ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಕಾವಲು ಇಟ್ಟ. ಒಳಗಿದ್ದದ್ದು ಸುಮಾರು 15 ಲಕ್ಷ ರೂಪಾಯಿ ಬಾಳುವ ಹಣ, ಒಡವೆ. ಅದೂ ಆ ಕಾಲದ ರೂಪಾಯಿ.

ಬೀಗಕ್ಕೂ ಮೊಹರಿಗೂ ದೊಡ್ಡ ವ್ಯತ್ಯಾಸ ಇದೆ. ಬೀಗ ತಡೆಯುತ್ತದೆ. ಮೊಹರು ಯಾರನ್ನೂ ತಡೆಯೋದಿಲ್ಲ, ಉಗುರಿನಿಂದ ಕೆರೆದರೂ ಒಡೆದು ಹೋಗುತ್ತದೆ. ಯಾರೋ ಕೈ ಹಾಕಿದ್ದಾರೆ ಅಂತ ಹೇಳುವುದಷ್ಟೇ ಅದರ ಕೆಲಸ. ಇವತ್ತು ಬೈಲಹೊಂಗಲದಲ್ಲೋ ಸವದತ್ತಿಯಲ್ಲೋ ಹೊಸ ಮನೆ ಕಟ್ಟಿಸುವವರು ಕಿಟಕಿ, ಬಾಗಿಲಿನ ಚೌಕಟ್ಟಿನೊಳಗೇ ಸೆನ್ಸರ್ ಕೂಡಿಸಬೇಕಾ ಅಂತ ಕೇಳುತ್ತಾರೆ. ಅದೂ ಮೊಹರಿನ ಮೊಮ್ಮಗನೇ. ಕಳ್ಳನ ಕೈ ಹಿಡಿಯೋದಿಲ್ಲ, ಕೂಗು ಹಾಕುತ್ತದೆ.

ಇಂಜಿನಿಯರಿಂಗ್ ಓದಿದವನಿಗೆ ಈ ಕೂಗಿನ ಕಥೆ ಬಹಳ ರುಚಿ. ಕಿತ್ತೂರಿನ ಯುದ್ಧವಾಗಿ 29 ವರ್ಷಕ್ಕೆ, 1853ರಲ್ಲಿ, ಅಮೆರಿಕದ ಬಾಸ್ಟನ್ ಹತ್ತಿರದ ಅಗಸ್ಟಸ್ ರಸೆಲ್ ಪೋಪ್ ಎಂಬಾತ ವಿದ್ಯುತ್ ಅಲಾರ್ಮ್‌ಗೆ ಪೇಟೆಂಟ್ ಪಡೆದ. ಬಾಗಿಲು, ಕಿಟಕಿಗಳಿಗೆಲ್ಲ ತಂತಿ. ಯಾವುದು ತೆರೆದರೂ ಸರ್ಕ್ಯೂಟ್ ಕೂಡಿ, ವಿದ್ಯುತ್ಕಾಂತ ಸುತ್ತಿಗೆಯನ್ನು ಎಳೆದು ಗಂಟೆ ಬಾರಿಸುತ್ತಿತ್ತು. ಎಡ್ವಿನ್ ಹೋಮ್ಸ್ ಅದರ ಹಕ್ಕು ಕೊಂಡು ದೊಡ್ಡ ವ್ಯಾಪಾರ ಮಾಡಿದ. ಆದರೆ ಈ ಏರ್ಪಾಟಿನಲ್ಲಿ ಒಂದು ತೂತು ಇದೆ, ನೋಡಿ. ಕಳ್ಳ ಮೊದಲೇ ತಂತಿ ಕತ್ತರಿಸಿಬಿಟ್ಟರೆ? ಗಂಟೆ ಮೂಕ! ಅದಕ್ಕೇ ಆಮೇಲೆ ಲೆಕ್ಕ ಉಲ್ಟಾ ಆಯಿತು. ಕರೆಂಟು ಸದಾ ಹರಿಯುತ್ತಲೇ ಇರಬೇಕು, ಹರಿಯುವುದು ನಿಂತರೆ ಕೂಗಬೇಕು. ಬಾಗಿಲು ತೆರೆದರೂ ಕೂಗು, ತಂತಿ ಕತ್ತರಿಸಿದರೂ ಕೂಗು. 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್ವುಡ್ ರೀಡ್ ಸ್ವಿಚ್ ಕಂಡುಹಿಡಿದ. ಸಣ್ಣ ಗಾಜಿನ ಕೊಳವೆ, ಒಳಗೆ ಕೂದಲಂಥ ಎರಡು ಲೋಹದ ಪಟ್ಟಿ. ಕದದಲ್ಲಿ ಅಯಸ್ಕಾಂತ, ಚೌಕಟ್ಟಿನಲ್ಲಿ ಈ ಕೊಳವೆ. ಕದ ಸರಿದರೆ ಅಯಸ್ಕಾಂತ ದೂರವಾಗಿ ಪಟ್ಟಿಗಳು ಬಿಟ್ಟುಕೊಳ್ಳುತ್ತವೆ. ನಿಮ್ಮ ಮನೆಗೆ ಬರುವ ಬಾಗಿಲಿನ ಸೆನ್ಸರ್ ಬಹುಪಾಲು ಇಷ್ಟೇ. ಒಳ್ಳೆಯ ಅಲಾರ್ಮ್ ಆದರೆ ಅದರ ಪೆಟ್ಟಿಗೆಯ ಮುಚ್ಚಳಕ್ಕೂ ಒಂದು ಸ್ವಿಚ್ ಇರುತ್ತದೆ. ಕಾವಲುಗಾರನಿಗೇ ಒಬ್ಬ ಕಾವಲುಗಾರ.

ಇಲ್ಲೇ ನಾನು ಮತ್ತೆ ಕಿತ್ತೂರಿಗೆ ಬರೋದು. ಥ್ಯಾಕರೆಯ ಮೊಹರಿಗೆ ಇಂಥ ಎರಡನೇ ಸ್ವಿಚ್ ಇರಲಿಲ್ಲ. ಕಿತ್ತೂರಿನವರು ಮುಟ್ಟಿದರೆ ಗೊತ್ತಾಗುತ್ತಿತ್ತು. ಮೊಹರು ಹಾಕಿದವನೇ ತೆಗೆದು ಮತ್ತೆ ಹಾಕಿದರೆ? ಮುದ್ರೆ ಅವನ ಕೈಯಲ್ಲೇ ಇದೆ. ಚನ್ನಮ್ಮನಿಗೆ ಇದು ಅವಮಾನವಷ್ಟೇ ಅಲ್ಲ, ಸ್ವಂತ ಮನೆಯ ಕೀಲಿ ಕಂಡವರ ಪಾಲಾದ ಹಾಗೆ. ಇವತ್ತೂ ಇದೇ ಪ್ರಶ್ನೆ ಕೇಳಿಕೊಳ್ಳಿ. ಆ್ಯಪ್‌ಗೆ ಜೋಡಿಸಿದ ಸೆನ್ಸರ್, ನಿಮ್ಮ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು, ಎಷ್ಟು ದಿನ ತೆರೆಯಲೇ ಇಲ್ಲ ಅಂತ ಬರೆದಿಡುತ್ತದೆ. ಆ ದಫ್ತರ ಯಾರ ಹತ್ತಿರ ಇದೆ? ಅಂಗಡಿಯವನಿಗೆ ಕೇಳಿದರೆ ಗ್ಯಾರಂಟಿ ಎಷ್ಟು ವರ್ಷ ಅಂತ ಹೇಳುತ್ತಾನೆ.

ಅಕ್ಟೋಬರ್ 23, 1824. ಕಿತ್ತೂರು ಕೋಟೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಬಾಗಿಲು ಒಡೆಯಲು ಥ್ಯಾಕರೆ ತೋಪು ತರಿಸಿದ. ಒಡೆಯುವ ಮೊದಲೇ ಬಾಗಿಲು ತಾನಾಗಿ ತೆರೆಯಿತು, ಒಳಗಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆ ಅಲ್ಲೇ ಸತ್ತ. ಅಮಟೂರ ಬಾಳಪ್ಪನ ಗುಂಡು ಅಂತ ನಮ್ಮ ಕಡೆ ಇವತ್ತಿಗೂ ಹಾಡುತ್ತಾರೆ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. (ಈ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿದ. ಸೆರೆಮನೆಯಲ್ಲಿ ಅವನನ್ನು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ನಮಗೆ ಬಂದ ಬಡ್ಡಿ ಅಂತ ನಾನು ತಮಾಷೆಗೆ ಹೇಳುವುದುಂಟು.) ಯುದ್ಧ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಸೆರೆಯಾಳುಗಳನ್ನು ಬಿಟ್ಟರು. ಯುದ್ಧ ನಿಲ್ಲಲಿಲ್ಲ.

ಡಿಸೆಂಬರ್‌ನಲ್ಲಿ ದೊಡ್ಡ ಪಡೆ ಬಂತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಥಾಮಸ್ ಮನ್ರೋನ ಬಂಧು, ಈ ಸಲ ಸತ್ತ. ಆದರೆ ಕೋಟೆ ಬಿತ್ತು. ಜನಪದ ಹೇಳುವ ಕಾರಣ ನಿಮಗೆಲ್ಲ ಗೊತ್ತು: ಒಳಗಿನವರೇ ಮದ್ದಿಗೆ ಸೆಗಣಿ ಬೆರೆಸಿದರು. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಅನ್ನುವ ಹೆಸರುಗಳು ಈ ಭಾಗದಲ್ಲಿ ಇನ್ನೂ ಬೈಗುಳ. ಬೆರೆಸಿದರೋ ಇಲ್ಲವೋ, ಜನರಿಗೆ ಒಂದು ವಿಷಯ ಪಕ್ಕಾ ಗೊತ್ತಿತ್ತು. ಅಗಸಿ ಬಾಗಿಲಿಗೆ ಎಷ್ಟೇ ಅಗಳಿ ಹಾಕಿ, ಮದ್ದಿನ ಮನೆಯ ಕೀಲಿ ಇದ್ದವನು ಒಳಗೇ ಇರುತ್ತಾನೆ. ಅವನಿಗೆ ಯಾವ ಸೆನ್ಸರೂ ಕೂಗುವುದಿಲ್ಲ, ಅವನು ಬಾಗಿಲನ್ನು ಸರಿಯಾಗಿಯೇ ತೆರೆಯುತ್ತಾನೆ.

ಪಕ್ಕದ ರಾಮದುರ್ಗದ್ದು ಇನ್ನೊಂದು ಬಗೆ. 1939ರ ಏಪ್ರಿಲ್‌ನಲ್ಲಿ ಸಂಸ್ಥಾನದ ವಿರುದ್ಧ ಸಿಟ್ಟೆದ್ದ ಜನ ಹಗಲು ಹೊತ್ತಿನಲ್ಲೇ ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಆಮೇಲೆ ಗಲ್ಲು ಶಿಕ್ಷೆಗಳೂ ಆದವು. ಆ ಬಾಗಿಲಿಗೆ ಕೈ ಬಿದ್ದದ್ದು ಇಡೀ ಊರಿಗೆ ಗೊತ್ತಿತ್ತು, ಗಂಟೆಯ ಅಗತ್ಯವೇ ಇರಲಿಲ್ಲ.

ಚನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಸುಮಾರು ನಾಲ್ಕು ವರ್ಷ, ಕಾವಲಿರುವ ಬಾಗಿಲಿನ ಹಿಂದೆ. 1829ರ ಫೆಬ್ರವರಿಯಲ್ಲಿ ಅಲ್ಲೇ ಪ್ರಾಣ ಬಿಟ್ಟರು, ಸಮಾಧಿ ಇವತ್ತಿಗೂ ಅಲ್ಲಿದೆ. ಕಿತ್ತೂರಿನ ಖಜಾನೆ? ಅದು ಕಂಪನಿಯವರ ಪಾಲಾಯಿತು. ಮೊಹರು ಹಾಕಿದವರೇ ತೆಗೆದರು.